ಸುಟ್ಟ ಚಿಂದಿಯಲ್ಲಿ ಕೋವಿಯ ಗುಣ ಓದುವಾಕೆ

ಬೆಳಿಗ್ಗೆ ಆರು ಗಂಟೆ. ಸೂರ್ಯ ಇನ್ನೂ ಕಾರ್ಖಾನೆಯ ತಗಡಿನ ಮಾಡಿನ ಆಚೆಯೇ ಇದ್ದಾನೆ. ಹಿಂದಿನ ಗುರಿ ಮೈದಾನದಲ್ಲಿ ಐವತ್ತೆಂಟರ ಹೆಂಗಸೊಬ್ಬರು ಎರಡೂ ಮೊಣಕಾಲಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡು ಒದ್ದೆ ಹುಲ್ಲಿನಲ್ಲಿ ಅಂಬೆಗಾಲಿಡುತ್ತಿದ್ದಾರೆ. ಕಳೆದುಹೋದ ಕಿವಿಯೋಲೆ ಹುಡುಕುವವರ ಹಾಗೆ ಒಂದೊಂದೇ ಎಸಳು ಸರಿಸಿ ನೋಡುತ್ತಾರೆ. ಕೈಗೆ ಸಿಗುವುದು ಹೆಬ್ಬೆರಳಗಲದ, ಕರ್ರಗೆ ಸುಟ್ಟ, ಅಂಚು ಕಿತ್ತುಹೋದ ಬಟ್ಟೆ ಚೂರು. ಅದನ್ನು ಮೂಸುತ್ತಾರೆ. ಒಂದು ಕಣ್ಣು ಮುಚ್ಚಿ ಬೆಳಕಿಗೆ ಹಿಡಿಯುತ್ತಾರೆ.

"ಇದು ಏನೂ ಹೇಳ್ತಿಲ್ಲ ಕಣೇ. ಬರೀ ಅಳ್ತಾ ಇದೆ."

"ಅದ್ಯಾಕೆ ಅಳ್ಬೇಕು ಅತ್ತೆ? ಅಳ್ಬೇಕಾದವಳು ನಾನು" ಎನ್ನುತ್ತಾಳೆ ಹಿಂದೆ ಮೇಜಿನ ಬಳಿ ನಿಂತ ಸೊಸೆ.

ಮೇಜಿನ ಮೇಲೆ ಮರಳಿನ ಚೀಲಕ್ಕೆ ಒರಗಿ ಹೊಸ ಕೋವಿಯೊಂದು ಮಲಗಿದೆ. ತೋಟಾ ಹಾಕುವ ಕೋವಿ ಅಲ್ಲ ಇದು, ಬಾಯಿಯಿಂದಲೇ ತುಂಬಬೇಕಾದ ಹಳೆಯ ಪದ್ಧತಿಯದು. ಮೊದಲು ಅಳೆದ ಕರಿಮದ್ದು, ಅದರ ಮೇಲೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಸೀಸದ ಗುಂಡು, ಆಮೇಲೆ ಸಲಾಕೆಯಿಂದ ತಳದವರೆಗೆ ದೂಕು. ಪರವಾನಗಿ ಇರುವ ಈ ಸಣ್ಣ ಕಾರ್ಖಾನೆ ಇಂಥವನ್ನು ತಯಾರಿಸುವುದು ಬೇಟೆಗಲ್ಲ, ಪಂದ್ಯಗಳಲ್ಲಿ ಕಾಗದದ ಗುರಿಗೆ ಹೊಡೆಯಲು. ಈ ಕೋವಿಯ ನಳಿಗೆಯ ಒಳಗಿನ ಆರು ಸುರುಳಿ ಗೀರುಗಳನ್ನು ಕೊರೆದವಳು ಸೊಸೆ. ಅವಳ ಮೊದಲ ನಳಿಗೆ ಇದು. ಕಾರ್ಖಾನೆ ಹುಟ್ಟಿದಂದಿನಿಂದ ಹೆಂಗಸೊಬ್ಬಳು ಕೊರೆದ ಮೊದಲ ನಳಿಗೆಯೂ ಹೌದು.

ಒಂಬತ್ತು ಗಂಟೆಗೆ ಗುರಿ ಪಂದ್ಯ ಆಡುವ ಕ್ಲಬ್ಬಿನ ಪರೀಕ್ಷಕರು ಬರುತ್ತಾರೆ. ಐವತ್ತು ಮೀಟರ್ ದೂರದಲ್ಲಿ ಐದು ಗುಂಡೂ ಅಂಗೈ ಅಗಲದ ವೃತ್ತದೊಳಗೆ ಬೀಳಬೇಕು. ಮೂರು ದಿನದಿಂದ ಬಿದ್ದಿಲ್ಲ. ಒಂದು ಎಡಕ್ಕೆ, ಒಂದು ಆಕಾಶಕ್ಕೆ, ಒಂದು ಕಾಗದಕ್ಕೇ ಇಲ್ಲ. ಯಜಮಾನರು ನಿನ್ನೆ ಸಂಜೆಯೇ ತೀರ್ಪು ಕೊಟ್ಟಾಗಿದೆ. ನಳಿಗೆ ಸೊಟ್ಟ, ಇವತ್ತೂ ಹೀಗೇ ಆದರೆ ಗರಗಸಕ್ಕೆ ಕೊಟ್ಟು ಗುಜರಿಗೆ ಹಾಕಿಸುತ್ತೇನೆ, ಹುಡುಗಿ ಮತ್ತೆ ಮರದ ಹಿಡಿಗೆ ಪಾಲಿಶ್ ಹಚ್ಚುವ ಮೇಜಿಗೇ ಹೋಗಲಿ, ಎಂದಿದ್ದಾರೆ. ಒಂಬತ್ತು ವರ್ಷ ಆ ಮೇಜಿನಲ್ಲಿ ಕೂತು, ಊಟದ ಬಿಡುವಿನಲ್ಲಿ ಕೊರೆಯುವ ಯಂತ್ರದ ಪಕ್ಕ ನಿಂತು ನೋಡಿ ನೋಡಿ ಕಲಿತವಳು ಅವಳು. ಗಂಡಸರು ಕೊರೆದ ನಳಿಗೆ ಹಾರಾಡಿದರೆ ಕಬ್ಬಿಣ ಸರಿಯಿಲ್ಲ ಎನ್ನುತ್ತಾರೆ. ಹೆಂಗಸು ಕೊರೆದದ್ದು ಹಾರಾಡಿದರೆ ಕೈ ಸರಿಯಿಲ್ಲ. ಈ ನ್ಯಾಯ ಯಾವ ಪುಸ್ತಕದಲ್ಲಿ ಬರೆದಿದೆಯೋ, ಎಲ್ಲ ಕಾರ್ಖಾನೆಗಳಿಗೂ ಬಾಯಿಪಾಠ.

ಹುಲ್ಲಿನಲ್ಲಿ ಅಂಬೆಗಾಲಿಡುತ್ತಿರುವ ಅತ್ತೆಗೆ ಇಲ್ಲಿ ಎಲ್ಲರೂ ಚಿಂದಿಯಮ್ಮ ಎನ್ನುತ್ತಾರೆ. ಮೊದಲು ಗೇಲಿಗೆ ಇಟ್ಟ ಹೆಸರು. ಅವರು ಅದನ್ನೇ ಪದವಿ ಮಾಡಿಕೊಂಡು ಕೂತಿದ್ದಾರೆ. ಹೊಸ ಕೋವಿಯೊಂದು ತಯಾರಾದ ಮೇಲೆ ಅದಕ್ಕೆ ಯಾವ ಗುಂಡು ಒಗ್ಗುತ್ತದೆ, ಎಷ್ಟು ದಪ್ಪದ ಬಟ್ಟೆ ಬೇಕು, ಎಷ್ಟು ಮದ್ದಿಗೆ ಅದು ನೆಟ್ಟಗೆ ಮಾತಾಡುತ್ತದೆ ಎಂದು ಕಂಡುಹಿಡಿಯುವುದು ಅವರ ಕೆಲಸ. ಒಂದೇ ಯಂತ್ರದಲ್ಲಿ, ಒಂದೇ ವಾರದಲ್ಲಿ ಹುಟ್ಟಿದ ಎರಡು ಕೋವಿಗೂ ಒಂದೇ ಅಳತೆ ಆಗುವುದಿಲ್ಲ. "ಅವಳಿ ಮಕ್ಕಳಿಗೆ ಒಂದೇ ಚಪ್ಪಲಿ ಹಾಕಿ ನೋಡಿ, ಗೊತ್ತಾಗುತ್ತೆ" ಎನ್ನುತ್ತಾರೆ.

ಅವರ ದಾರಿ ಹೀಗೆ. ಕಡಿಮೆ ಮದ್ದಿನಿಂದ ಶುರು. ಒಂದು ಅಳತೆಗೆ ಐದು ಗುಂಡು. ಪ್ರತಿ ಗುಂಡಿನ ನಂತರ ನಳಿಗೆಯನ್ನು ಒದ್ದೆ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಒರೆಸಬೇಕು. ಆಮೇಲೆ ಮದ್ದಿನ ತೂಕ ಐದು ಗ್ರೇನ್ ಏರಿಸಿ ಮತ್ತೆ ಐದು ಗುಂಡು. ಉಳಿದವರು ದುರ್ಬೀನಿನಲ್ಲಿ ಗುರಿಯ ತೂತು ನೋಡುತ್ತಾರೆ. ಚಿಂದಿಯಮ್ಮ ಬೆನ್ನು ಬಗ್ಗಿಸಿ ಹುಲ್ಲು ನೋಡುತ್ತಾರೆ. ಗುಂಡಿಗೆ ಸುತ್ತಿದ್ದ ಬಟ್ಟೆ ನಳಿಗೆ ದಾಟಿದ ಕೂಡಲೇ ಗುಂಡಿನ ಕೈಬಿಟ್ಟು ಹತ್ತು ಹೆಜ್ಜೆಯೊಳಗೆ ಬಿದ್ದಿರುತ್ತದೆ. ನಡುವೆ ಮಾತ್ರ ಕಪ್ಪಾಗಿ ಅಂಚು ಬೆಳ್ಳಗಿದ್ದರೆ ಎಲ್ಲ ಸರಿ. ನಡುವೆ ತೂತಾಗಿ ಸುಟ್ಟಿದ್ದರೆ ಬಟ್ಟೆ ತೆಳುವಾಯಿತು. ಒಂದು ಮಗ್ಗುಲು ಮಾತ್ರ ಕರಕಲಾಗಿದ್ದರೆ ಗುಂಡು ವಾರೆ ಕೂತಿತ್ತು. ನಳಿಗೆಯೊಳಗೆ ಹೋಗಿ ನೋಡಿ ಬಂದ ಸಾಕ್ಷಿ ಅದೊಂದೇ, ಸಾಕ್ಷಿಯನ್ನು ಹುಲ್ಲಲ್ಲೇ ಬಿಟ್ಟು ಬರುವುದೇ, ಎಂಬುದು ಅವರ ವಾದ.

ಬಟ್ಟೆಯ ಮಾತು ಅವರಿಗೆ ಕೋವಿಗಿಂತ ಮೊದಲೇ ಗೊತ್ತಿತ್ತು. ಮೊದಲು ಆಸ್ಪತ್ರೆಯೊಂದರ ಬಟ್ಟೆ ಕೋಣೆಯಲ್ಲಿ ಹರಿದ ಹಾಸಿಗೆ ಹೊದಿಕೆಗೆ ತೇಪೆ ಹಾಕುತ್ತಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಕೋವಿಗೆ ಚೀಲ ಹೊಲಿಯಲು ಇಲ್ಲಿಗೆ ಬಂದರು. ಬಂದ ಮೊದಲ ವಾರವೇ ಗಂಡಸರು ಗುಂಡಿಗೆ ಸುತ್ತುತ್ತಿದ್ದ ಬಟ್ಟೆಯಿಂದ ಒಂದು ಎಳೆ ಎಳೆದು ಬೆಂಕಿಕಡ್ಡಿಗೆ ಹಿಡಿದರು. ಅದು ಉರಿದು ಬೂದಿಯಾಗುವ ಬದಲು ಕರಗಿ ಮಣಿಯಾಯಿತು. ಹತ್ತಿ ಎಂದು ತಂದದ್ದರಲ್ಲಿ ಅರ್ಧ ನೈಲಾನ್. ನಳಿಗೆಯೊಳಗೆ ಅದೇ ಕರಗಿ ಅಂಟುತ್ತಿದೆ ಎಂದು ಅವರು ಹೇಳಿದಾಗ, ಸೂಜಿ ಹಿಡಿದವರು ಸೂಜಿ ನೋಡಿಕೊಳ್ಳಲಿ ಎಂಬ ಉತ್ತರ ಬಂತು. ಮರುದಿನ ಅಪ್ಪಟ ಹತ್ತಿ ಸುತ್ತಿ ಹೊಡೆದಾಗ ಹಾರಾಡುತ್ತಿದ್ದ ಗುಂಡುಗಳೆಲ್ಲ ಒಟ್ಟಿಗೆ ಕೂತವು. ಆಮೇಲೆ ಸೂಜಿಯ ಸುದ್ದಿ ಯಾರೂ ಎತ್ತಲಿಲ್ಲ. ಕ್ಷಮೆಯ ಸುದ್ದಿಯನ್ನೂ ಎತ್ತಲಿಲ್ಲ.

ಅಂದಿನಿಂದ ಇನ್ನೂರ ಹದಿನಾಲ್ಕು ಕೋವಿ. ದಿನಕ್ಕೆ ನಲವತ್ತು ಗುಂಡು, ಎಂಬತ್ತು ಸಲ ಒರೆಸುವುದು, ನಲವತ್ತು ಸಲ ಹುಲ್ಲಿಗೆ ಹೋಗಿ ಬರುವುದು. ವಾರಕ್ಕೆರಡು ದಿನ ಸೀಸ ಕರಗಿಸಿ ಅಚ್ಚಿಗೆ ಹೊಯ್ದು ನೂರಿಪ್ಪತ್ತು ಗುಂಡು ಎರೆಯುತ್ತಾರೆ. ಪ್ರತಿಯೊಂದನ್ನೂ ತೂಗಿ, ಒಳಗೆ ಗಾಳಿಗುಳ್ಳೆ ಉಳಿದು ಹಗುರಾದದ್ದನ್ನು ಮತ್ತೆ ಮೂಸೆಗೆ ಹಾಕುತ್ತಾರೆ. ಮೊದಲ ಆರು ವರ್ಷ ಕಿವಿಗೆ ಮುಚ್ಚಳ ಸಿಗುತ್ತಿದ್ದದ್ದು ಕೋವಿ ಕೊಳ್ಳಲು ಬಂದವರಿಗೆ ಮಾತ್ರ. ದಿನವಿಡೀ ಹೊಡೆಯುವವರಿಗೆ ಇಲ್ಲ. ಬಲಗಿವಿ ಮೂರರಲ್ಲೊಂದು ಪಾಲು ಕೇಳಿಸುವುದನ್ನು ಬಿಟ್ಟ ಮೇಲೆ ಚಿಂದಿಯಮ್ಮ ಒಂದು ಬೆಳಿಗ್ಗೆ ಮೂಸೆಗೆ ಬೆಂಕಿ ಹಾಕದೆ ಸುಮ್ಮನೆ ಕೂತರು. ಪಕ್ಕದಲ್ಲಿ ಪಾಲಿಶ್ ಮೇಜಿನವರೂ ಬಂದು ಕೂತರು. ಮೂರನೆಯ ದಿನ ಎಲ್ಲರಿಗೂ ಕಿವಿಮುಚ್ಚಳ ಬಂತು, ಸೀಸದ ಕೋಣೆಗೆ ಹೊಗೆ ಎಳೆಯುವ ಫ್ಯಾನು ಬಂತು, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಬಂತು. "ಕಿವಿ ಹೋದಾಗ ಬಾಯಿ ಬಂತು" ಎಂದು ಆ ಕತೆಯನ್ನು ಅವರು ನಗುತ್ತಲೇ ಹೇಳುತ್ತಾರೆ.

ಮನೆಯಲ್ಲೂ ಚಿಂದಿಯದೇ ರಾಜ್ಯ. ಪ್ರತಿ ಕೋವಿಯದೂ ಒಂದೊಂದು ಒಳ್ಳೆಯ ಚಿಂದಿಯನ್ನು ಅಳತೆಯ ಸಮೇತ ಅವರು ಜೋಪಾನ ಮಾಡಿಟ್ಟಿರುವುದು ತಮ್ಮ ಮದುವೆಯ ಫೋಟೊ ಆಲ್ಬಮ್ಮಿನಲ್ಲಿ. ಪಾರದರ್ಶಕ ಹಾಳೆಗಳು ಅಷ್ಟು ಹೇಳಿ ಮಾಡಿಸಿದಂತಿದ್ದವಂತೆ. ಫೋಟೊಗಳು ಬಿಸ್ಕತ್ತಿನ ಡಬ್ಬಿಗೆ ವರ್ಗವಾದವು. ನಿವೃತ್ತ ಬಸ್ ಚಾಲಕರಾದ ಗಂಡ ಬಂದವರಿಗೆಲ್ಲ ಆಲ್ಬಮ್ ತೋರಿಸುತ್ತಾರೆ. ನೋಡಿ, ನನ್ನ ಮುಖ ಇದ್ದ ಜಾಗದಲ್ಲಿ ಈಗ ಏನಿದೆ ಅಂತ, ಎಂದು ದೂರುತ್ತಾರೆ. ದೂರಿನಲ್ಲಿ ಎಷ್ಟು ಹೆಮ್ಮೆ ಇದೆ ಎಂಬುದು ಅವರೊಬ್ಬರಿಗೆ ಮಾತ್ರ ಗೊತ್ತಿಲ್ಲ.

ಇಂಥ ಚಿಂದಿಯಮ್ಮನಿಗೇ ಸೊಸೆಯ ನಳಿಗೆ ಮೂರು ದಿನದಿಂದ ಬಾಯಿ ಬಿಟ್ಟಿಲ್ಲ. ಗುಂಡು ಹಾರಾಡಿದರೆ ಸ್ವಲ್ಪ ದೊಡ್ಡ ಗುಂಡು ಹಾಕಿ ಬಿಗಿಮಾಡು ಎಂಬುದು ಈ ಕಸುಬಿನವರೆಲ್ಲ ಮೊದಲು ಮಾಡುವ ಕೆಲಸ. ಅವರೂ ಅದನ್ನೇ ಮಾಡಿದರು. ಸುತ್ತಿಗೆಯಿಂದ ತಟ್ಟಿ ಒಳಗಿಳಿಸಬೇಕಾದಷ್ಟು ಬಿಗಿ. ಗುಂಡು ಇನ್ನಷ್ಟು ಹಾರಾಡಿತು, ಬಟ್ಟೆ ಇನ್ನಷ್ಟು ಚಿಂದಿಯಾಯಿತು. ಹುಲ್ಲಿನಲ್ಲಿ ಸಿಗುವುದು ಬರೀ ದಾರದ ಗುಂಜು. ಓದಲು ಅಕ್ಷರವೇ ಉಳಿದಿಲ್ಲ.

ಈಗ ಹುಲ್ಲಿನಿಂದ ಎದ್ದು ಮೊಣಕಾಲು ಒರೆಸಿಕೊಳ್ಳುತ್ತಾ ಅವರು ಸೊಸೆಗೆ ಹೇಳುವುದು ಒಂದೇ ಮಾತು. ಮದ್ದು ಅರ್ಧ ಮಾಡು. ಅಷ್ಟರಲ್ಲಿ ಗುರಿ ಮುಟ್ಟುವುದಿಲ್ಲ ಅತ್ತೆ, ಎನ್ನುತ್ತಾಳೆ ಅವಳು.

"ಗುರಿ ಯಾರಿಗೆ ಬೇಕೀಗ? ಬಟ್ಟೆ ಬದುಕಿ ಬಂದ್ರೆ ಸಾಕು. ಏಟು ತಿಂದವರ ಕೈಲಿ ಮಾತಾಡಿಸ್ಬೇಕು ಅಂದ್ರೆ ಏಟು ಕಮ್ಮಿ ಮಾಡ್ಬೇಕು."

ಅರ್ಧ ಮದ್ದಿನ ಗುಂಡು ಕೆಮ್ಮಿದಂತೆ ಹೊರಡುತ್ತದೆ. ಬಟ್ಟೆ ಐದೇ ಹೆಜ್ಜೆ ಆಚೆ ಬೀಳುತ್ತದೆ, ಇಡಿಯಾಗಿ. ಚಿಂದಿಯಮ್ಮ ಅದನ್ನು ಅಂಗೈಯಲ್ಲಿ ಹರಡಿ ಬಹಳ ಹೊತ್ತು ನೋಡುತ್ತಾರೆ. ನಡುವೆ ಗುಂಡು ಕೂತಿದ್ದ ಕಪ್ಪು ಚುಕ್ಕೆ. ಸುತ್ತ ಬ್ಲೇಡಿನಿಂದ ಎಳೆದಂತೆ ಸಣ್ಣ ಸಣ್ಣ ಸೀಳು. ಎಣಿಸುತ್ತಾರೆ. ಆರು. ಕುತ್ತಿಗೆಯಲ್ಲಿದ್ದ ಹೊಲಿಗೆ ಟೇಪು ತೆಗೆದು ಸೀಳಿನಿಂದ ಸೀಳಿಗೆ ಹಿಡಿಯುತ್ತಾರೆ. ಸಾಲದೆಂದು ಸೊಸೆಯ ಕೈಯಿಂದ ಕೈವಾರ ಕಸಿದುಕೊಂಡು ಒಂದೊಂದೇ ಹೆಜ್ಜೆ ಹಾಕಿಸುತ್ತಾರೆ. ಕೈವಾರದ ಕಾಲು ಅಗಲಿಸುವ ಪ್ರಸಂಗವಾಗಲಿ ಕಿರಿದು ಮಾಡುವ ಪ್ರಸಂಗವಾಗಲಿ ಬರುವುದಿಲ್ಲ. ಆರು ಸೀಳಿಗೂ ಒಂದೇ ದೂರ. ಆರಕ್ಕೂ ಒಂದೇ ಉದ್ದ.

ಗೀರು ಕೊರೆದ ಉಳಿಯನ್ನು ಎಷ್ಟು ಸಲ ಮಸೆದೆ ಎಂದು ಕೇಳುತ್ತಾರೆ. ಪ್ರತಿ ಗೀರಿಗೂ, ಎನ್ನುತ್ತಾಳೆ ಸೊಸೆ ಅಂಜುತ್ತಾ. ಉಳಿದವರು ಮೂರು ಗೀರಿಗೊಮ್ಮೆ ಮಸೆಯುತ್ತಾರಂತೆ, ತನ್ನದು ಮೊದಲನೆಯದಲ್ಲವೇ, ಭಯಕ್ಕೆ ಮಸೆದಳಂತೆ.

ಚಿಂದಿಯಮ್ಮ ಅವಳ ತಲೆಗೆ ಒಂದು ಮೊಟಕುತ್ತಾರೆ. ಆಮೇಲೆ ಅದೇ ಜಾಗಕ್ಕೆ ಮುತ್ತು ಕೊಡುತ್ತಾರೆ.

"ಸೊಟ್ಟ ಅಲ್ಲ ಕಣೇ ಇದು. ನೆಟ್ಟಗಿರೋದು ಹೆಚ್ಚಾಗಿದೆ. ನಿನ್ನ ಗೀರಿನ ಅಂಚು ನನ್ನ ಕತ್ತರಿಗಿಂತ ಚೂಪು, ಬಟ್ಟೆನ ಕೊಯ್ದು ಹಾಕ್ತಿದೆ. ಕೈ ಸರಿಯಿಲ್ಲದವಳು ಆರು ಕಡೆ ಒಂದೇ ಸಮ ಕೊಯ್ತಾಳಾ?"

ಇನ್ನೂರು ಗುಂಡು ಹೊಡೆದರೆ ಅಂಚು ತಾನೇ ನಯವಾಗುತ್ತದೆ. ಆದರೆ ಇರುವುದು ಎರಡೂವರೆ ಗಂಟೆ. ಹಾಗಾಗಿ ಅವರು ಮೂರು ದಿನ ಮಾಡಿದ್ದನ್ನೆಲ್ಲ ತಲೆಕೆಳಗು ಮಾಡುತ್ತಾರೆ. ಮೊದಲಿನದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾದ ಗುಂಡು, ಅದಕ್ಕೆ ಮೆತ್ತೆಯಂಥ ದಪ್ಪ ಬಟ್ಟೆ. ಬಟ್ಟೆ ಗೀರಿನೊಳಗೆ ತುಂಬಿಕೊಳ್ಳಬೇಕು, ಅಂಚಿಗೆ ಮಾತ್ರ ಸೀಳಲು ಸಿಗಬಾರದು. ಚಿಕ್ಕ ಗುಂಡಿನ ಅಚ್ಚು ಮೂಲೆಯ ಪೆಟ್ಟಿಗೆಯಲ್ಲಿದೆ, ಸೀಸ ಕರಗಿಸಲು ಅರ್ಧ ಗಂಟೆ. ಬಟ್ಟೆ? ಡಬ್ಬಿಯಲ್ಲಿರುವುದೆಲ್ಲ ತೆಳು. ಚಿಂದಿಯಮ್ಮ ಒಂದು ಕ್ಷಣ ಯೋಚಿಸಿ ಮನೆಗೆ ಫೋನ್ ಹಚ್ಚುತ್ತಾರೆ.

ಹದಿನೈದು ನಿಮಿಷದಲ್ಲಿ ಗಂಡ ಸೈಕಲ್ ಏರಿ ಬರುತ್ತಾರೆ. ಕ್ಯಾರಿಯರ್‌ನಲ್ಲಿ ಪೇಪರಿನಲ್ಲಿ ಸುತ್ತಿದ ಖಾಕಿ ಪ್ಯಾಂಟು. ಮೂವತ್ತೊಂದು ವರ್ಷ ಬಸ್ ಓಡಿಸಿದ ಸಮವಸ್ತ್ರಗಳಲ್ಲಿ ಉಳಿದ ಕೊನೆಯದು. ಉಳಿದವೆಲ್ಲ ಈಗಾಗಲೇ ಗುಂಡಿನ ಬೆನ್ನು ಹತ್ತಿ ಹುಲ್ಲು ಸೇರಿವೆ. ಗಟ್ಟಿ ಹತ್ತಿ, ಸಾವಿರ ಸಲ ಒಗೆದು ಮೆದುವಾದದ್ದು. ಪೇಪರು ಬಿಚ್ಚುವಾಗ ಅವರ ಕೈ ನಿಧಾನ.

"ಒಂದು ಕಾಲು ಸಾಕು ರೀ" ಎನ್ನುತ್ತಾರೆ ಚಿಂದಿಯಮ್ಮ, ಸಮಾಧಾನ ಮಾಡುವವರ ಹಾಗೆ.

"ಇನ್ನೊಂದು ಕಾಲಿಟ್ಕೊಂಡು ನಾನೇನು ಕುಂಟಾಬಿಲ್ಲೆ ಆಡ್ಲಾ? ತಗೋ, ಎರಡೂ ಕತ್ತರಿಸು. ಮಗು ಕೆಲಸ ಉಳೀಲಿ."

ಮಗು ಎಂದರೆ ಮೂವತ್ನಾಲ್ಕು ವರ್ಷದ ಸೊಸೆ. ಅವಳು ಮುಖ ಆಚೆ ತಿರುಗಿಸಿ ಸೀಸದ ಗಟ್ಟಿ ಕತ್ತರಿಸುತ್ತಾಳೆ.

ಖಾಕಿ ಚೌಕಗಳು ಜೇನುಮೇಣ, ಹರಳೆಣ್ಣೆ ಕುಡಿದು ಸಿದ್ಧವಾಗುತ್ತವೆ. ಐವತ್ತು ಗ್ರೇನಿನಿಂದ ಶುರು. ಮೊದಲ ಐದು ಗುಂಡು ತಟ್ಟೆಯಗಲ ಹರಡಿವೆ, ಆದರೆ ಮೊದಲ ಸಲ ಐದೂ ಕಾಗದದ ಮೇಲಿವೆ. ಬಟ್ಟೆಗಳು ಇಡಿಯಾಗಿ ಬಿದ್ದಿವೆ, ಒಂದಕ್ಕೂ ಸೀಳಿಲ್ಲ. ಐವತ್ತೈದು: ತಟ್ಟೆ ಬಟ್ಟಲಾಗುತ್ತದೆ. ಅರವತ್ತಕ್ಕೆ ಬಂದಾಗ ಚಿಂದಿಯಮ್ಮನ ಬಾಯಿಗೆ ಬೀಗವೇ ಇಲ್ಲ. ಗಂಡನಿಗೆ ಆರು ಸೀಳಿನ ಕತೆಯನ್ನು ಮೂರನೆಯ ಸಲ ಹೇಳುತ್ತಾ ನಳಿಗೆ ಒರೆಸಿ, ಬಟ್ಟೆ ಇಟ್ಟು, ಗುಂಡು ಇಟ್ಟು, ಸಲಾಕೆ ದೂಕುತ್ತಾರೆ. ಮದ್ದಿಗೆ ಕಿಡಿ ಕೊಡುವ ಕೇಪು ಸಿಕ್ಕಿಸಿ, ಹಿಡಿಗೆ ಕೆನ್ನೆ ಒತ್ತಿ, ಕೋವಿಯ ಕುದುರೆ ಎಳೆಯುತ್ತಾರೆ.

ಟಪ್. ಅಷ್ಟೇ. ಕೇಪಿನ ಸದ್ದು ಬಿಟ್ಟರೆ ಮತ್ತೇನಿಲ್ಲ.

ಮದ್ದು ತಡವಾಗಿ ಹೊತ್ತಿಕೊಂಡೀತೆಂದು ಅವರು ಕೋವಿಯನ್ನು ಗುರಿಯ ಕಡೆಗೇ ಹಿಡಿದು ನಿಯಮದಂತೆ ಅರವತ್ತು ಎಣಿಸುತ್ತಾರೆ. ಮೂವತ್ತಕ್ಕೆ ಬರುವಷ್ಟರಲ್ಲಿ ಹಿಂದೆ ಸೊಸೆ ನಗು ತಡೆಯಲಾರದೆ ಮೇಜಿಗೆ ಹಣೆ ಹಚ್ಚಿದ್ದಾಳೆ. ಮದ್ದು ಹಾಕದೆ ಗುಂಡು ತುಂಬಿದ್ದಾರೆ ಅತ್ತೆ. ಮದ್ದು ಇದ್ದಾಗ ನಳಿಗೆಯ ಬಾಯಿಗೆ ಸರಿಯಾಗಿ ನಿಲ್ಲುವ ಸಲಾಕೆಯ ಗುರುತು ಎರಡು ಬೆರಳು ಕೆಳಗಿಳಿದದ್ದನ್ನು ಅವಳು ಆಗಲೇ ನೋಡಿದ್ದಳು. ಅಪಾಯವಿಲ್ಲದ ತಪ್ಪು, ಹೇಳಿಬಿಟ್ಟರೆ ಇಂಥ ಯೋಗ ಮತ್ತೆ ಬರುತ್ತದೆಯೇ ಎಂದು ಬಾಯಿ ಮುಚ್ಚಿಕೊಂಡಿದ್ದಳು. ಮದ್ದು ಮರೆತವರು ಕಾರ್ಖಾನೆಯ ಎಲ್ಲರಿಗೂ ಟೀ ಕಾಯಿಸಿ, ತಾವು ನಿಂತೇ ಇದ್ದು, ಕೈಗೆ ಕೈಗೆ ಕೊಡಬೇಕು ಎಂಬುದು ಇಲ್ಲಿಯ ಕಟ್ಟಳೆ. ಇಪ್ಪತ್ತೆರಡು ವರ್ಷದಲ್ಲಿ ಚಿಂದಿಯಮ್ಮ ಒಮ್ಮೆಯೂ ಕಾಯಿಸಿಲ್ಲ. ಎಷ್ಟು ಜನರ ಕೈಯಲ್ಲಿ ಕುಡಿದಿದ್ದಾರೆಂದು ಲೆಕ್ಕವಿಲ್ಲ.

ಕೇಪು ಕೂರುವ ತೂತಿನಿಂದ ಚಿಟಿಕೆ ಮದ್ದು ಇಳಿಸಿ ಆ ಗುಂಡನ್ನು ಹೊರಗೆ ಕಕ್ಕಿಸುವಷ್ಟರಲ್ಲಿ ಸುದ್ದಿ ಗೇಟು ಮುಟ್ಟಿದೆ. ಎಂಟರ ಪಾಳಿಗೆ ಬಂದವರು ಒಳಗೆ ಹೋಗುವುದನ್ನು ಬಿಟ್ಟು ಸಾಲು ನಿಲ್ಲುತ್ತಾರೆ. ಒಬ್ಬನಿಗೆ ಸಕ್ಕರೆ ಕಮ್ಮಿಯಂತೆ, ಒಬ್ಬನಿಗೆ ಲೋಟ ಬಿಸಿಯಂತೆ. ಕೊರೆಯುವ ವಿಭಾಗದ ಹಿರಿಯನೊಬ್ಬ ಎರಡು ಸಲ ಸಾಲಿಗೆ ಬರುತ್ತಾನೆ, ಒಂದು ಈ ವರ್ಷದ್ದು, ಒಂದು ಹಿಂದಿನ ಬಾಕಿ ಎಂದು. ಚಿಂದಿಯಮ್ಮ ಕೆಟಲ್ ಹಿಡಿದು ಎಲ್ಲರಿಗೂ ಬೈಯುತ್ತಾ ಎಲ್ಲರಿಗೂ ಸುರಿಯುತ್ತಾರೆ. ಅತ್ತ ಸೊಸೆ ಅರವತ್ತು ಮುಗಿಸಿ ಅರವತ್ತೈದಕ್ಕೆ ಹೋಗಿ, ಬಟ್ಟಲು ಮತ್ತೆ ಅಗಲವಾದದ್ದು ನೋಡಿ ಅರವತ್ತಕ್ಕೇ ವಾಪಸ್ ಬಂದಿದ್ದಾಳೆ. ಅಳತೆ ಸಿಕ್ಕಿದೆ.

ಒಂಬತ್ತಕ್ಕೆ ಸರಿಯಾಗಿ ಯಜಮಾನರ ಜೊತೆ ಪರೀಕ್ಷಕರು ಬರುತ್ತಾರೆ. ಮಿತಮಾತಿನ ಮನುಷ್ಯ. ತುಂಬುವವರು ಚಿಂದಿಯಮ್ಮ, ಹೊಡೆಯುವವರು ಪರೀಕ್ಷಕರೇ. ಮೊದಲನೆಯದು ವೃತ್ತದೊಳಗೆ. ಎರಡನೆಯದು ಅದರ ಪಕ್ಕ. ಮೂರನೆಯದು ಎರಡನೆಯದರ ತೂತಿಗೇ ತಾಗಿದೆ. ನಾಲ್ಕನೆಯದಕ್ಕೆ ಸೊಸೆ ದುರ್ಬೀನು ಕೆಳಗಿಟ್ಟು ಕಣ್ಣು ಮುಚ್ಚಿಕೊಳ್ಳುತ್ತಾಳೆ, ಮಾವನ ತೋಳು ಹಿಡಿದು. ಐದನೆಯದರ ಹೊಗೆ ಕರಗುತ್ತದೆ. ಪರೀಕ್ಷಕರು ತಾವೇ ನಡೆದು ಹೋಗಿ ಕಾಗದ ಕಿತ್ತು ತರುತ್ತಾರೆ. ಅದರ ಮೇಲೆ ಅಂಗೈ ಇಡುವುದೇ ಬೇಡ. ಮೂರು ಬೆರಳಲ್ಲಿ ಐದೂ ಮುಚ್ಚಿಹೋಗುತ್ತವೆ.

ಕಬ್ಬಿಣ ಒಳ್ಳೆಯದೇ ಇತ್ತು, ನಾನು ಆಗಲೇ ಅಂದುಕೊಂಡಿದ್ದೆ, ಎನ್ನುತ್ತಾರೆ ಯಜಮಾನರು. ಗೆದ್ದರೆ ಕಬ್ಬಿಣ, ಸೋತರೆ ಕೈ. ಚಿಂದಿಯಮ್ಮ ಸುಮ್ಮನಿರುವುದಿಲ್ಲ. ಸಾಮಾನ್ಯವಾಗಿ ಇಂಥ ಹೊತ್ತಿಗೆ ಅವರು ಹುಲ್ಲಿನಲ್ಲಿರುತ್ತಾರೆ, ಮಾತುಕತೆ ಮೇಜಿನ ಬಳಿ ನಡೆದಿರುತ್ತದೆ. ಇವತ್ತು ಮೇಜಿನ ಬಳಿಯೇ ನಿಂತು, ಆರು ಸೀಳಿನ ಆ ಬಟ್ಟೆಯನ್ನೂ ಕೈವಾರವನ್ನೂ ಪರೀಕ್ಷಕರ ಮುಂದಿಡುತ್ತಾರೆ. ಅವರು ಕೈವಾರ ತಿರುಗಿಸುತ್ತಾರೆ, ಒಂದು ಸುತ್ತು, ಎರಡು ಸುತ್ತು. ಆಮೇಲೆ ತಲೆ ಎತ್ತಿ, ಇದನ್ನು ಕೊರೆದವರು ಯಾರು ಎಂದು ಕೇಳುತ್ತಾರೆ. ಯಜಮಾನರು ಬಾಯಿ ತೆರೆಯುವ ಮೊದಲೇ ಸೊಸೆ ಒಂದು ಹೆಜ್ಜೆ ಮುಂದೆ ಬಂದಿದ್ದಾಳೆ.

"ನಾನು."

"ಮುಂದಿನದೂ ನೀವೇ ಕೊರೀರಿ" ಎನ್ನುತ್ತಾರೆ ಪರೀಕ್ಷಕರು. "ನಮ್ಮ ಕ್ಲಬ್ಬಿಗೆ ಮೂರು ಬೇಕು."

ಹಿಂದೆ ನಿಂತವರ ಟೀ ಲೋಟಗಳೆಲ್ಲ ಒಮ್ಮೆಗೇ ಮೇಜಿಗೆ ಬಡಿದು ಸದ್ದು ಮಾಡುತ್ತವೆ. ಸೋಮವಾರದಿಂದ ಸೊಸೆಯ ಜಾಗ ಕೊರೆಯುವ ಯಂತ್ರದ ಬಳಿ ಎಂದು ಯಜಮಾನರು ಎಲ್ಲರೆದುರು ಹೇಳಬೇಕಾಗುತ್ತದೆ. ಹೇಳುತ್ತಾರೆ. ಅವರ ದನಿ ಸಣ್ಣದಿದ್ದರೂ ಚಿಂದಿಯಮ್ಮ ಒಳ್ಳೆಯ ಕಿವಿಯನ್ನೇ ಆ ಕಡೆ ಹಿಡಿದಿದ್ದಾರೆ.

ಪ್ರತಿ ಕೋವಿಯ ಪೆಟ್ಟಿಗೆಯಲ್ಲೂ ಒಂದು ಅಚ್ಚು ಹಾಕಿದ ಕಾರ್ಡು ಹೋಗುತ್ತದೆ. ಇಂಥ ಗುಂಡು, ಇಂಥ ಬಟ್ಟೆ, ಇಷ್ಟು ಮದ್ದು, ಕೆಳಗೆ ಯಜಮಾನರ ಸಹಿ. ಪಂದ್ಯ ಗೆದ್ದವರು ತಮ್ಮ ಕಣ್ಣಿಗೆ, ಗುರುಗಳಿಗೆ, ಕಾರ್ಖಾನೆಗೆ ಕೃತಜ್ಞತೆ ಹೇಳುತ್ತಾರೆ. ಇನ್ನೂರ ಹದಿನಾಲ್ಕು ಕಾರ್ಡುಗಳಲ್ಲಿ ಚಿಂದಿಯಮ್ಮನ ಸುಳಿವೇ ಇಲ್ಲ. ಇದು ಬೇಸರವೇ ಎಂದು ಕೇಳಿದರೆ ಅವರು ಕೈ ಒರೆಸುತ್ತಾ ನಗುತ್ತಾರೆ. ಇವತ್ತು ಯಜಮಾನರು ಸಹಿ ಹಾಕಲು ಪೆನ್ನು ತೆಗೆದಾಗ ಮಾತ್ರ ಅವರು ಕಾರ್ಡಿನ ಮೇಲೆ ಬೆರಳಿಡುತ್ತಾರೆ. ಇನ್ನೊಂದು ಸಾಲು ಬರೆಯಬೇಕು ಎನ್ನುತ್ತಾರೆ. ಇನ್ನೂರು ಗುಂಡು ದಾಟಿದ ಮೇಲೆ ಈ ನಳಿಗೆಯ ಅಂಚು ಮೆತ್ತಗಾಗುತ್ತದೆ, ಆಗ ಅಳತೆ ಬದಲಾಗುತ್ತದೆ, ಹೊಡೆದ ಚಿಂದಿಗಳ ಸಮೇತ ಕೋವಿಯನ್ನು ವಾಪಸ್ ತಂದು ತೋರಿಸಬೇಕು.

ಯಾರಿಗೆ ತೋರಿಸಬೇಕು ಅಂತ ಬರೆಯಲಿ, ಎನ್ನುತ್ತಾರೆ ಯಜಮಾನರು, ಪೆನ್ನು ಗಾಳಿಯಲ್ಲಿ.

"ಅತ್ತೆ–ಸೊಸೆಗೆ ಅಂತ ಬರೀರಿ, ಸಾಕು. ದಿನಾ ಜಗಳ ಆಡ್ಕೊಂಡೂ ಒಂದೇ ಕಡೆ ಗುರಿ ಇಡೋರು ಈ ಊರಲ್ಲಿ ನಾವಿಬ್ರೇ."